ಪರದೆ ಕಿತ್ತ ಮಾತ್ರಕ್ಕೆ ಲಂಗ ಆಗಲ್ಲ

‘ಗಾನ್ ವಿತ್ ದ ವಿಂಡ್’ ನೋಡಿದವರಿಗೆ ಹಸಿರು ಪರದೆಯ ಪ್ರಸಂಗ ನೆನಪಿದ್ದೇ ಇರುತ್ತೆ. ನೋಡದವರಿಗಾಗಿ ನಾಲ್ಕು ಸಾಲು. ಅಮೆರಿಕದ ಅಂತರ್ಯುದ್ಧ ಮುಗಿದಿದೆ, ಮನೆ ಹಾಳುಬಿದ್ದಿದೆ, ತೆರಿಗೆ ಕಟ್ಟೋಕೆ 300 ಡಾಲರ್ ಬೇಕು. ದುಡ್ಡಿರುವ ಪರಿಚಿತ ಅಂದ್ರೆ ರೆಟ್ ಬಟ್ಲರ್ ಒಬ್ಬನೇ, ಅವನೂ ಅಟ್ಲಾಂಟಾದಲ್ಲಿ ಸೆರೆಯಲ್ಲಿದ್ದಾನೆ. ಅವನೆದುರು ಹರಕು ಬಟ್ಟೆಯಲ್ಲಿ ನಿಂತರೆ ಕೆಲಸ ಆಗಲ್ಲ ಅಂತ ಸ್ಕಾರ್ಲೆಟ್‌ಗೆ ಗೊತ್ತು. ಕಿಟಕಿಯಲ್ಲಿ ಅಮ್ಮನ ಕಾಲದ ಹಸಿರು ವೆಲ್ವೆಟ್ ಪರದೆ ನೇತಾಡ್ತಿದೆ. ಕೈಯಾಡಿಸಿ ನೋಡ್ತಾಳೆ, ಕಣ್ಣು ಹೊಳೆಯುತ್ತೆ, ಕಿತ್ತೇಬಿಡ್ತಾಳೆ. ಅಟ್ಟದಿಂದ ಪ್ಯಾಟರ್ನ್ ಪೆಟ್ಟಿಗೆ ತಗೊಂಡು ಬಾ ಅಂತ ಮ್ಯಾಮಿಗೆ ಅಪ್ಪಣೆ ಮಾಡ್ತಾಳೆ.

ಆಮೇಲೆ ಅಟ್ಲಾಂಟಾ. ಸ್ಕಾರ್ಲೆಟ್ ಬಂದಿದ್ದಾಳೆ. ನೆಲ ಮುಟ್ಟುವ, ಗುಮ್ಮಟದ ಹಾಗೆ ಉಬ್ಬಿದ ಹಸಿರು ಉಡುಪು, ಸೊಂಟಕ್ಕೆ ಬಂಗಾರದ ಬಣ್ಣದ ಹುರಿ, ತಲೆಗೆ ಜೋಡಿಯಾಗುವ ಟೋಪಿ.

ನಾಲ್ಕು ಗಂಟೆಗೆ ಹತ್ತಿರ ಹತ್ತಿರ ಓಡುವ ಸಿನಿಮಾ ಇದು. ಕುದುರೆಗಾಡಿ ಹೋಗೋದನ್ನ ತೋರಿಸೋಕೆ ಸಮಯ ಇದೆ, ಸೂರ್ಯಾಸ್ತಕ್ಕಂತೂ ಧಾರಾಳವಾಗಿ ಇದೆ. ಪರದೆ ಉಡುಪಾದದ್ದನ್ನು ತೋರಿಸೋಕೆ ಮಾತ್ರ ಒಂದು ನಿಮಿಷವೂ ಇಲ್ಲ. 1939ರ ಈ ಸಿನಿಮಾದ ವೇಷಭೂಷಣ ಮಾಡಿದ್ದು ವಾಲ್ಟರ್ ಪ್ಲಂಕೆಟ್. ಆ ಹಸಿರು ಉಡುಪು ಈಗ ಟೆಕ್ಸಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿದೆ. ಅದನ್ನೂ ಅದರ ಜೊತೆಯ ಇತರ ಉಡುಪುಗಳನ್ನೂ ಉಳಿಸಿಕೊಳ್ಳೋಕೆ 2010ರಲ್ಲಿ ಜನರನ್ನ ದೇಣಿಗೆ ಕೇಳಿದಾಗ 30,000 ಡಾಲರಿಗೂ ಹೆಚ್ಚು ಸೇರಿತು. ಅಷ್ಟು ಪ್ರೀತಿ ಇದೆ ಜನಕ್ಕೆ ಆ ಪರದೆಯ ಮೇಲೆ. ನನಗೂ ಇದೆ, ಸುಳ್ಳು ಹೇಳಲ್ಲ. ಆದರೆ ಆ ಎರಡು ದೃಶ್ಯಗಳ ನಡುವಿನ ಕತ್ತರಿ ನನ್ನನ್ನ ಬಹಳ ದಿನದಿಂದ ಕಾಡ್ತಿದೆ. ಮನೆಯಲ್ಲೇ ಹೊಲಿದ ದೊಡ್ಡ ಉಡುಪಿನ ಕಥೆ ಹೇಳುವ ಸಿನಿಮಾಗಳೆಲ್ಲ ಹೆಚ್ಚುಕಡಿಮೆ ಇದೇ ಜಾಗದಲ್ಲಿ ಕತ್ತರಿ ಹಾಕ್ತವೆ. ಬಟ್ಟೆ ತೋರಿಸ್ತವೆ, ಉಡುಪು ತೋರಿಸ್ತವೆ. ಮಧ್ಯದ ಘೇರು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇಲ್ಲ.

ಹಾಗಾದ್ರೆ ಮಧ್ಯದಲ್ಲಿ ಏನಾಗುತ್ತೆ? ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕ ಅಂದ್ರೆ ಹೆದರಬೇಡಿ, ಎರಡರ ಮಗ್ಗಿ ಗೊತ್ತಿದ್ರೆ ಸಾಕು.

ಕಳೆದ ವರ್ಷ ಗೆಳತಿಯೊಬ್ಬಳ ಮದುವೆ ಇತ್ತು. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಕುಟುಂಬ, ಬೆಂಗಳೂರಿನ ಚರ್ಚಿನಲ್ಲಿ ಮದುವೆ. ಬ್ರೈಡ್ಸ್‌ಮೇಡ್ ಆಗಿ ನಿಲ್ಲಬೇಕಾಗಿದ್ದ ಅವಳ ತಂಗಿಗೆ ಗೌನ್ ಹೊಲಿದುಕೊಡ್ತೀನಿ ಅಂತ ನಾನು ಒಪ್ಪಿಕೊಂಡೆ. ಮೇಲ್ಭಾಗದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಬ್ಲೌಸ್ ಹೊಲಿದು ಗೊತ್ತಿದ್ದವರಿಗೆ ಅದು ಗೊತ್ತಿರುವ ದಾರಿಯೇ. ಕೆಲಸ ಇದ್ದದ್ದು ಸೊಂಟದ ಕೆಳಗೆ. ಮೂರು ಅಂತಸ್ತಿನ ಲಂಗ. ಪ್ರತಿ ಅಂತಸ್ತೂ ಮೇಲಿನದಕ್ಕಿಂತ ಅಗಲ, ಪ್ರತಿಯೊಂದನ್ನೂ ಫ್ರಿಲ್ ಹಿಡಿದು ಮೇಲಿನದಕ್ಕೆ ಜೋಡಿಸಬೇಕು. ಅಂಥದ್ದು ಒಂದಲ್ಲ, ಒಂದರ ಮೇಲೊಂದು ಮೂರು ಪದರ. ಒಳಗೆ ಸ್ಯಾಟಿನ್ ಲೈನಿಂಗ್, ನಡುವೆ ನಮ್ಮ ಟೈಲರ್‌ಗಳು ಕ್ಯಾನ್‌ಕ್ಯಾನ್ ಅನ್ನೋ ಗಡುಸು ನೆಟ್, ಮೇಲೆ ಆರ್ಗಂಜಾ.

ಸೊಂಟ 28 ಇಂಚು. ಮೊದಲ ಅಂತಸ್ತು ಅದರ ಒಂದೂವರೆ ಪಟ್ಟು, ಅಂದ್ರೆ 42 ಇಂಚು. ಎರಡನೆಯದು ಅದರ ಎರಡು ಪಟ್ಟು, 84. ಮೂರನೆಯದು ಮತ್ತೆ ಎರಡು ಪಟ್ಟು, 168. ಹದಿನಾಲ್ಕು ಅಡಿ ಸುತ್ತಳತೆ! ನಿಮ್ಮ ಮನೆಯ ಹಾಲ್‌ನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಹಾಸಿ ನೋಡಿ, ಬಾಡಿಗೆ ಟೂ ಬಿಎಚ್‌ಕೆ ಆದ್ರೆ ಗೋಡೆಗೆ ಬಡಿಯುತ್ತೆ. 44 ಇಂಚು ಪನ್ನದ ಬಟ್ಟೆಯಾದರೆ ನೆಲ ಮುಟ್ಟುವ ಲಂಗದ ಒಂದು ಪದರಕ್ಕೆ ಎರಡೂಮುಕ್ಕಾಲು ಮೀಟರ್‌ನಷ್ಟು ಬೇಕು. ಮೂರು ಪದರಕ್ಕೆ ಹತ್ತಿರ ಹತ್ತಿರ 8 ಮೀಟರ್. ಅಜ್ಜಿಯರು ಉಡ್ತಿದ್ದ ಒಂಬತ್ತು ಗಜದ ಸೀರೆಯೂ ಸುಮಾರು ಅಷ್ಟೇ, 8.2 ಮೀಟರ್. ಅವರು ಅದನ್ನು ಒಂದು ಹೊಲಿಗೆ ಹಾಕದೆ, ದಿನಾ ಬೆಳಿಗ್ಗೆ ಬೆರಳಲ್ಲೇ ನೆರಿಗೆ ಹಿಡಿದು, ರಾತ್ರಿ ಬಿಚ್ಚಿ ಮತ್ತೆ ಬರೀ ಬಟ್ಟೆ ಮಾಡಿ ಮಡಿಚಿಡ್ತಿದ್ದರು. ಇದನ್ನ ಯೋಚಿಸಿದಾಗಲೆಲ್ಲ ನನಗೆ ಗೌನ್ ಸಂಸ್ಕೃತಿಯ ಬಗ್ಗೆ ಸ್ವಲ್ಪ ನಗು ಬರುತ್ತೆ. ಇರಲಿ.

ಈಗ ಫ್ರಿಲ್. 168 ಇಂಚನ್ನು 84 ಇಂಚಿಗೆ ಇಳಿಸೋದು ಹೇಗೆ? ಮಿಷಿನ್ನಿನ ಹೊಲಿಗೆಯನ್ನ ಆದಷ್ಟು ಉದ್ದಕ್ಕೆ ಇಟ್ಟು, ಅಂಚಿನಿಂದ ಕಾಲು ಇಂಚಿಗೊಂದು, ಅರ್ಧ ಇಂಚಿಗೊಂದು, ಹೀಗೆ ಎರಡು ಸಾಲು ಹೊಲಿಗೆ ಓಡಿಸಬೇಕು. ಎರಡು ಸಾಲು ಯಾಕೆ ಅಂದ್ರೆ, ಒಂದೇ ಸಾಲಾದರೆ ನೆರಿಗೆ ಹೊರಳುತ್ತೆ, ಒಂದರ ಮೇಲೊಂದು ಬಿದ್ದು ಗಂಟಾಗುತ್ತೆ. ಎರಡಿದ್ದರೆ ನೆಟ್ಟಗೆ ನಿಲ್ಲುತ್ತೆ. ಆಮೇಲೆ ಬಾಬಿನ್ ದಾರದ ತುದಿ ಹಿಡಿದು ಮೆಲ್ಲಗೆ ಎಳೀಬೇಕು. ಜೋರಾಗಿ ಎಳೆದರೆ ಕಿತ್ತುಹೋಗುತ್ತೆ, ಹದಿನಾಲ್ಕು ಅಡಿಯ ಹನ್ನೆರಡನೇ ಅಡಿಯಲ್ಲಿ ದಾರ ಕಿತ್ತರೆ ಮೊದಲಿಂದ ಶುರು. ಅದಕ್ಕೇ ಅನುಭವಸ್ಥರು ಇಡೀ ಉದ್ದವನ್ನ ಎಂಟು ಭಾಗ ಮಾಡಿ ಗುರುತು ಹಾಕಿ, ಒಂದೊಂದು ಭಾಗವನ್ನೇ ಬೇರೆ ಬೇರೆ ಎಳೀತಾರೆ. ಇನ್ನು ಕೆಲವರು ಅಂಚಿನುದ್ದಕ್ಕೂ ಒಂದು ಗಟ್ಟಿ ಹುರಿ ಇಟ್ಟು, ಅದರ ಮೇಲೆ ಜಿಗ್‌ಜ್ಯಾಗ್ ಹೊಲಿಗೆ ಹಾಕಿ, ಹುರಿಯನ್ನೇ ಎಳೆದುಬಿಡ್ತಾರೆ. ಮೀನು ಹಿಡಿಯುವ ದಾರ ಬಳಸುವವರೂ ಇದ್ದಾರೆ. ಎಳೆದ ಮೇಲೆ ನೆರಿಗೆಯನ್ನ ಬೆರಳಲ್ಲಿ ಸವರಿ ಸವರಿ ಸಮ ಮಾಡಬೇಕು. ಎಂಟೂ ಗುರುತುಗಳನ್ನ ಮೇಲಿನ ಅಂತಸ್ತಿನ ಎಂಟು ಗುರುತುಗಳಿಗೆ ಗುಂಡುಸೂಜಿಯಲ್ಲಿ ಸಿಕ್ಕಿಸಬೇಕು. ಆಮೇಲೆ ಆ ಎರಡು ಸಾಲುಗಳ ಸನಿಹದಲ್ಲೇ ನಿಜವಾದ ಹೊಲಿಗೆ.

ಒಂದು ಪದರದಲ್ಲಿ ಹೀಗೆ ಫ್ರಿಲ್ ಹಿಡಿಯಬೇಕಾದ ಅಂಚು 42, 84, 168 ಸೇರಿ 294 ಇಂಚು. ಮೂರು ಪದರಕ್ಕೆ 882. ಎರಡೆರಡು ಸಾಲು ಅಂದ್ರೆ 1,764 ಇಂಚು. ಮೀಟರಿನಲ್ಲಿ ಹೇಳಬೇಕಂದ್ರೆ ಸುಮಾರು 45 ಮೀಟರ್ ಹೊಲಿಗೆ.

ಈ 45 ಮೀಟರ್ ಹೊಲಿಗೆಯನ್ನ ಕೊನೆಗೆ ಏನ್ ಮಾಡ್ತಾರೆ ಗೊತ್ತಾ? ನಿಜವಾದ ಹೊಲಿಗೆ ಬಿದ್ದ ಮೇಲೆ, ಹೊರಗೆ ಕಾಣುವ ಸಾಲನ್ನಂತೂ ಕಡ್ಡಾಯವಾಗಿ, ಅಚ್ಚುಕಟ್ಟಿನವರಾದರೆ ಎರಡನ್ನೂ, ಕಿತ್ತು ಕಸದ ಬುಟ್ಟಿಗೆ ಹಾಕ್ತಾರೆ. ಅದು ಇರಬೇಕಾದದ್ದೇ ಹಾಗೆ. ಉಡುಪು ಚೆನ್ನಾಗಿ ಬಂದಿದೆ ಅನ್ನೋದಕ್ಕೆ ಪುರಾವೆ ಅಂದ್ರೆ ಆ ಹೊಲಿಗೆ ಕಾಣದೇ ಇರೋದು. ನನಗೆ ಬರೀ ಫ್ರಿಲ್‌ಗೆ ಮೂರು ಸಂಜೆ ಹಿಡಿದವು, ಅದೂ ಆಫೀಸಿನ ಕಾಲ್‌ಗಳನ್ನ ಮ್ಯೂಟ್‌ನಲ್ಲಿ ಕೇಳಿಸಿಕೊಂಡು. ಕೆಳಗಿನ ಅಂಚಿನ ಮಾತು ಬೇರೆಯೇ. ನೆಟ್ ಎಳೆ ಬಿಡಲ್ಲ, ಹಾಗಾಗಿ ಅದಕ್ಕೆ ಅಂಚು ಮಡಿಚೋದು ಬೇಡ, ದೇವರು ದೊಡ್ಡವನು. ಸ್ಯಾಟಿನ್ ಮತ್ತು ಆರ್ಗಂಜಾ ಬಿಡ್ತವೆ. ಎರಡೂ ಸೇರಿ ಎಂಟೂವರೆ ಮೀಟರ್ ಸಣ್ಣ ಮಡಿಕೆ, ಜಾರುವ ಬಟ್ಟೆಯ ಮೇಲೆ. ಮದುವೆಯ ದಿನ ಹುಡುಗಿ ಸುತ್ತು ತಿರುಗಿದಳು, ಲಂಗ ಅರಳಿತು, ಎಲ್ಲರೂ ಫೋಟೋ ತೆಗೆದರು. ಒಬ್ಬರು ಬಂದು, ‘ಎಷ್ಟು ಸಿಂಪಲ್ಲಾಗಿ ಚೆನ್ನಾಗಿದೆ, ಒಂದ್ ದಿನದಲ್ಲಿ ಆಗಿರಬೇಕು ಅಲ್ವಾ?’ ಅಂದ್ರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅವರಿಗೆ ಆ ‘ಒಂದ್ ದಿನ’ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ.

ಮತ್ತೆ ಸ್ಕಾರ್ಲೆಟ್ ಹತ್ತಿರ ಹೋಗೋಣ. ವೆಲ್ವೆಟ್ ಅಂದ್ರೆ ನನ್ನ ನೆಟ್‌ಗಿಂತ ಹಟಮಾರಿ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತೆ, ಹಾಗಾಗಿ ಎಲ್ಲ ತುಂಡನ್ನೂ ಅದೇ ದಿಕ್ಕಿಗೆ ಕತ್ತರಿಸಬೇಕು. ಇಲ್ಲದಿದ್ರೆ ಒಂದು ತುಂಡು ತಿಳಿ, ಒಂದು ತುಂಡು ಗಾಢ ಕಾಣುತ್ತೆ. ಸೀದಾ ಇಸ್ತ್ರಿ ಒತ್ತುವ ಹಾಗಿಲ್ಲ, ರೋಮ ನಲುಗುತ್ತೆ. ಎರಡು ತುಂಡು ಜೋಡಿಸಿ ಹೊಲಿಯೋಕೆ ಹೋದರೆ ಒಂದರ ಮೇಲೊಂದು ಜರುಗುತ್ತೆ. ಇನ್ನು ಆ ಕಾಲದ ಘೇರು ಅಂದ್ರೆ ಒಳಗೆ ಹಂದರ ಬೇಕು. ಕ್ರಿನೊಲಿನ್ ಅನ್ನೋ ಹೆಸರೇ ಕುದುರೆಕೂದಲಿಗೆ ಫ್ರೆಂಚಿನಲ್ಲಿರುವ ‘ಕ್ರಿನ್’ ಮತ್ತು ನಾರುಬಟ್ಟೆಯ ‘ಲಿನ್’ ಸೇರಿ ಆದದ್ದು. 1856ರ ಹೊತ್ತಿಗೆ ಅದರ ಜಾಗಕ್ಕೆ ಉಕ್ಕಿನ ಬಳೆಗಳ ಪಂಜರ ಬಂತು. ಇಷ್ಟೆಲ್ಲದರ ಮೇಲೆ ಕೂರುವ ಲಂಗ ಅದು. ಯಾರು ಹೊಲಿದರು?

ಸಿನಿಮಾ ಬಾಯಿಬಿಟ್ಟು ಹೇಳಲ್ಲ. ಆದರೆ ಪ್ಯಾಟರ್ನ್ ಪೆಟ್ಟಿಗೆ ತರೋಕೆ ಹೇಳಿದ್ದು ಯಾರಿಗೆ ಅನ್ನೋದು ನೆನಪಿದ್ರೆ ಸಾಕು. ಮ್ಯಾಮಿ, ಮೊನ್ನೆ ಮೊನ್ನೆವರೆಗೆ ಆ ಮನೆಯ ಗುಲಾಮಳಾಗಿದ್ದವಳು. ಸ್ಕಾರ್ಲೆಟ್ ಅಟ್ಲಾಂಟಾಕ್ಕೆ ಹೋಗುವಾಗಲೂ ಜೊತೆಗಿರ್ತಾಳೆ. ಜೈಲಿನಲ್ಲಿ ಏನಾಗುತ್ತೆ ನೋಡಿ. ಸ್ಕಾರ್ಲೆಟ್ ಎಲ್ಲ ಸುಖವಾಗಿದೆ ಅಂತ ನಾಟಕ ಆಡ್ತಾಳೆ. ರೆಟ್ ಮರುಳಾಗ್ತಾನೆ, ಅವಳ ಕೈ ಹಿಡಿದು ಮುತ್ತಿಡೋಕೆ ಹೋಗ್ತಾನೆ, ಅಂಗೈ ತಿರುಗಿಸಿ ನೋಡ್ತಾನೆ. ಒರಟು ಕೈ. ಹೊಲದಲ್ಲಿ ದುಡಿದ ಕೈ. ಉಡುಪು ಹೇಳಿದ ಸುಳ್ಳು ಅಲ್ಲಿಗೆ ಬಯಲಾಗುತ್ತೆ. ಅದ್ಭುತವಾದ ದೃಶ್ಯ, ಅದರಲ್ಲಿ ಎರಡು ಮಾತಿಲ್ಲ. ಕೈ ಸುಳ್ಳು ಹೇಳಲ್ಲ ಅನ್ನೋದು ಈ ಸಿನಿಮಾಕ್ಕೆ ಚೆನ್ನಾಗಿ ಗೊತ್ತಿದೆ. ಆದರೂ ಅದು ನೋಡೋದು ಸ್ಕಾರ್ಲೆಟ್‌ಳ ಅಂಗೈಯನ್ನ ಮಾತ್ರ. ಆ ವೆಲ್ವೆಟ್‌ನಲ್ಲಿ ಸೂಜಿ ಚುಚ್ಚಿಸಿಕೊಂಡ ಕೈಗಳ ಹತ್ತಿರ ಕ್ಯಾಮೆರಾ ಒಂದು ಸಲವೂ ಹೋಗಲ್ಲ.

ಮ್ಯಾಮಿಯಾಗಿ ನಟಿಸಿದ ಹ್ಯಾಟಿ ಮೆಕ್‌ಡ್ಯಾನಿಯಲ್‌ಗೆ 1940ರಲ್ಲಿ ಆಸ್ಕರ್ ಬಂತು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಆಕೆ. ಆ ಸಮಾರಂಭದಲ್ಲಿ ಆಕೆಯನ್ನ ಕೂರಿಸಿದ್ದು ಉಳಿದವರಿಂದ ದೂರ, ಬೇರೆಯದೇ ಮೇಜಿನಲ್ಲಿ. ಅದಕ್ಕೂ ಮುಂಚೆ ಅಟ್ಲಾಂಟಾದಲ್ಲಿ ನಡೆದ ಚಿತ್ರದ ಮೊದಲ ಪ್ರದರ್ಶನಕ್ಕೆ, ಅಲ್ಲಿನ ಬಣ್ಣಭೇದದ ಕಾನೂನಿನಿಂದಾಗಿ, ಆಕೆ ಹೋಗುವ ಹಾಗೇ ಇರಲಿಲ್ಲ. ಹಾಗಾಗಿ ಆ ಕತ್ತರಿಯನ್ನ ಬರೀ ಎಡಿಟಿಂಗ್ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸು ಬರಲ್ಲ.

ಇದೇ ಪರದೆಯ ಬಗ್ಗೆ ಒಂದು ತಮಾಷೆಯೂ ಇದೆ. 1976ರಲ್ಲಿ ಅಮೆರಿಕದ ಟೀವಿಯಲ್ಲಿ ಕ್ಯಾರಲ್ ಬರ್ನೆಟ್ ಈ ಸಿನಿಮಾದ ಅಣಕ ಮಾಡಿದಾಗ, ವಿನ್ಯಾಸಕ ಬಾಬ್ ಮ್ಯಾಕಿ ಪರದೆಯ ಕೋಲನ್ನೂ ಸೇರಿಸಿಯೇ ಉಡುಪು ಮಾಡಿದ್ರು. ಭುಜದ ಈ ಕಡೆಯಿಂದ ಆ ಕಡೆಗೆ ಕೋಲು, ಅದಕ್ಕೆ ನೇತುಬಿದ್ದ ಪರದೆ. ಆಕೆ ಮೆಟ್ಟಿಲಿಳಿದು ಬರ್ತಿದ್ದ ಹಾಗೆ ಜನ ನಕ್ಕು ನಕ್ಕು ಸುಸ್ತಾದರು. ಈಗ ಅದೂ ಮ್ಯೂಸಿಯಂ ಸೇರಿದೆ, ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್. ನನ್ನ ಪ್ರಕಾರ ಆ ಪ್ರಸಂಗದ ಮೇಲೆ ಬಂದ ಅತ್ಯುತ್ತಮ ವಿಮರ್ಶೆ ಅದು. ಹೊಲಿಯೋದನ್ನ ತೋರಿಸದಿದ್ರೆ ಹೊಲಿದಿಲ್ಲ ಅಂತಲೇ ಅರ್ಥ, ಹಾಗಿದ್ದ ಮೇಲೆ ಕೋಲು ಎಲ್ಲಿಗೆ ಹೋಗುತ್ತೆ ಹೇಳಿ?

ಡಿಸ್ನಿಯ ‘ಸಿಂಡರೆಲಾ’ (1950) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಇಲಿ ಮತ್ತು ಹಕ್ಕಿಗಳು ಅವಳ ಅಮ್ಮನ ಹಳೇ ಉಡುಪನ್ನ ಹಾಡು ಹೇಳ್ತಾ ಹೊಸದು ಮಾಡ್ತವೆ. ಹೊಲಿಗೆ ಗಂಡಿಲಿಗಳ ಕೆಲಸ ಅಲ್ಲ ಅಂತ ಹೆಣ್ಣಿಲಿ ತಾಕೀತು ಮಾಡೋದೂ ಇದೆ, ಕೇಳಿ ಆನಂದಿಸಿ. ಅಷ್ಟು ಕಷ್ಟಪಟ್ಟದ್ದನ್ನ ಅಕ್ಕಂದಿರು ಒಂದು ನಿಮಿಷದಲ್ಲಿ ಹರಿದು ಹಾಕ್ತಾರೆ. ಆಮೇಲೆ ದೇವತೆ ಕೋಲು ಬೀಸ್ತಾಳೆ, ಅದಕ್ಕಿಂತ ದೊಡ್ಡ ಘೇರಿನ ಉಡುಪು ಸೊನ್ನೆ ಸೆಕೆಂಡಿನಲ್ಲಿ ಬರುತ್ತೆ. ಮನೆಯಲ್ಲಿ ಹೊಲಿದದ್ದು ಹರಿಯುತ್ತೆ, ಮಾಯೆಯದ್ದು ಗೆಲ್ಲುತ್ತೆ. ಮಕ್ಕಳು ಅಳೋದು ಉಡುಪು ಹರಿದಿದ್ದಕ್ಕೆ. ಇಲಿಗಳು ಮತ್ತೆ ಆ ಚಿಂದಿ ಎತ್ತಿಟ್ಟುಕೊಂಡ್ವಾ ಅಂತ ಯಾರೂ ಕೇಳಲ್ಲ.

ಈ ಸೊನ್ನೆ ಸೆಕೆಂಡಿನ ಕನಸನ್ನ ಸಿನಿಮಾ ಒಂದೇ ಮಾರಿದ್ದಲ್ಲ. ಮನೆಯಲ್ಲಿ ಹೊಲಿಯುವವರಿಗೆ ಕಾಗದದ ಪ್ಯಾಟರ್ನ್ ಮಾರುವ ಬಟರಿಕ್ ಕಂಪನಿ 1952ರಲ್ಲಿ ಒಂದು ಅಗಲ ಘೇರಿನ ಉಡುಪಿನ ಪ್ಯಾಟರ್ನ್ ತಂದಿತು, ಸಂಖ್ಯೆ 6015. ತಿಂಡಿ ಮುಗಿಸಿ ಶುರು ಮಾಡಿದ್ರೆ ಮಧ್ಯಾಹ್ನದ ಊಟಕ್ಕೆ ಅದನ್ನೇ ಹಾಕ್ಕೊಂಡು ಹೊರಡಬಹುದು ಅನ್ನೋದೇ ಅದರ ಪ್ರಚಾರ. ಬೇಕಾದಷ್ಟು ಮಾರಾಟ ಆಯ್ತು. ಸರಳ ಉಡುಪೇ ಅದು, ಹಿಂದಿನಿಂದ ಸುತ್ತಿ ಮುಂದೆ ಗುಂಡಿ ಹಾಕೋದು. ಫ್ರಿಲ್ ಇಲ್ಲ, ಪದರ ಇಲ್ಲ. ಆದರೂ ಅಂಚಿಗೆಲ್ಲ ಪಟ್ಟಿ ಕೂರಿಸಬೇಕು, ಅದೇನು ಚಿಕ್ಕ ಅಂಚಲ್ಲ. ಇದನ್ನ ಹೊಲಿಯೋಕೆ ಕೂತ ಅದೆಷ್ಟು ಗೃಹಿಣಿಯರು ಮೂರನೇ ದಿನವೂ ಅಂಚು ಮಡಿಚ್ತಾ, ತಪ್ಪು ತಮ್ಮದೇ ಅಂತ ನೊಂದುಕೊಂಡಿರಬಹುದು ಅಂತ ನಾನು ಯೋಚಿಸ್ತೀನಿ.

ನನಗೆ ಎಲ್ಲಕ್ಕಿಂತ ಹೆಚ್ಚು ಜಗಳ ಇರೋದು ‘ಪ್ರಿಟಿ ಇನ್ ಪಿಂಕ್’ ಜೊತೆ. ಜಗಳ ಆಡುವಷ್ಟು ಇಷ್ಟ ಇರುವುದರಿಂದಲೇ. 1986ರ ಸಿನಿಮಾ, ಜಾನ್ ಹ್ಯೂಸ್ ಬರೆದದ್ದು, ಹೊವರ್ಡ್ ಡಾಯ್ಚ್ ನಿರ್ದೇಶನ. ಆಂಡಿ (ಮಾಲಿ ರಿಂಗ್‌ವಾಲ್ಡ್) ಬಡ ಹುಡುಗಿ, ಅಮ್ಮ ಬಿಟ್ಟುಹೋಗಿದ್ದಾಳೆ, ಅಪ್ಪನಿಗೆ ಸರಿಯಾದ ಕೆಲಸ ಇಲ್ಲ. ಅವಳು ತನ್ನ ಬಟ್ಟೆ ತಾನೇ ಹೊಲಿದು, ಹಳೆಯದನ್ನ ತಿದ್ದಿ ತೊಡುವವಳು. ಶಾಲೆಯ ಶ್ರೀಮಂತ ಹುಡುಗಿಯರು ಅವಳನ್ನ ಹೀಯಾಳಿಸೋದೂ ಅದಕ್ಕೇ. ಹೈಸ್ಕೂಲಿನ ಕೊನೆಗೆ ಬರುವ ಪ್ರಾಮ್ ಅನ್ನೋ ಅದ್ದೂರಿ ನೃತ್ಯಕೂಟಕ್ಕೆ ಅವಳು ತಾನೇ ಉಡುಪು ಮಾಡಿಕೊಳ್ತಾಳೆ. ಗೆಳತಿ ಅಯೋನಾ ಕೊಟ್ಟ ಹಳೇ ಗುಲಾಬಿ ಪ್ರಾಮ್ ಉಡುಪು ಒಂದು, ಅಪ್ಪ ಪ್ರೀತಿಯಿಂದ ಕೊಂಡುತಂದ ಗುಲಾಬಿ ಉಡುಪು ಇನ್ನೊಂದು. ಎರಡನ್ನೂ ಕತ್ತರಿಸಿ ಒಂದು.

ಹೊಲಿಗೆಯೇ ನಾಯಕಿಯ ವ್ಯಕ್ತಿತ್ವ ಆಗಿರುವ ಸಿನಿಮಾ! ಇಲ್ಲಾದರೂ ಬೆರಳು ಕಾಣುತ್ತೆ ಅಂತ ಕಾದರೆ ಸಿಗೋದು ಒಂದು ಮಾಂಟಾಜ್. ಚಿತ್ರ ಬಿಡಿಸ್ತಾಳೆ, ಕತ್ತರಿ ಹಾಕ್ತಾಳೆ, ಮಿಷಿನ್ ಓಡುತ್ತೆ, ಸಂಗೀತ ಇದೆ. ಮುಗೀತು. ಮುಂದಿನ ಸಲ ನಾವು ಉಡುಪನ್ನ ನೋಡುವಾಗ ಅವಳು ಅದನ್ನ ತೊಟ್ಟು ನಿಂತಿರ್ತಾಳೆ: ಎತ್ತರದ ಕೊರಳು, ಭುಜದ ಹತ್ತಿರ ತೆರೆದಿದೆ, ಸೊಂಟದಲ್ಲಿ ಬಿಗಿ ಇಲ್ಲ, ಚೀಲದ ಹಾಗೆ ನೆಟ್ಟಗೆ ಇಳಿಯುತ್ತೆ. ಘೇರು ಅನ್ನೋದೇ ಇಲ್ಲ. ವಿನ್ಯಾಸ ಮ್ಯಾರಿಲಿನ್ ವ್ಯಾನ್ಸ್ ಅವರದ್ದು. ಇಷ್ಟು ಬೈಸಿಕೊಂಡ ಉಡುಪು ಸಿನಿಮಾ ಚರಿತ್ರೆಯಲ್ಲೇ ಕಡಿಮೆ. ತೊಟ್ಟ ರಿಂಗ್‌ವಾಲ್ಡ್‌ಗೂ ಅದು ಇಷ್ಟವಾಗಿರಲಿಲ್ಲ. ಚೆಂದದ ಹಳೇ ಉಡುಪನ್ನ ಹಾಳು ಮಾಡಿದಳಲ್ಲ ಅಂತ ಜನ ಇವತ್ತಿಗೂ ಕೊರಗ್ತಾರೆ.

ನಾನು ಆ ಉಡುಪಿನ ಪರ. ಚೆನ್ನಾಗಿದೆ ಅಂತಲ್ಲ, ಇಲ್ಲ. ಆದರೆ ಅದರಲ್ಲಿ ಒಂದು ಲೆಕ್ಕ ಇದೆ. ಕೈಯಲ್ಲಿರೋದು ಬೇರೆ ಬೇರೆ ಬಟ್ಟೆಯ ಎರಡು ಉಡುಪು, ಎರಡರ ಗುಲಾಬಿಯೂ ಬೇರೆ. ಸಮಯ ಕಮ್ಮಿ, ಶಾಲೆಯ ಜೊತೆ ರೆಕಾರ್ಡ್ ಅಂಗಡಿಯ ಕೆಲಸ ಬೇರೆ. ಇಂಥ ಹುಡುಗಿ ಒಬ್ಬಳೇ ಕೂತು ಹೊಲಿದರೆ ಮೂರಂತಸ್ತಿನ, 45 ಮೀಟರ್ ಕಚ್ಚಾ ಹೊಲಿಗೆಯ ಲಂಗ ಬರಲ್ಲ. ನೆಟ್ಟಗಿನ ಚೀಲವೇ ಬರೋದು. ಅಂಗಡಿಯಿಂದ ತಂದ ಹಾಗಿರುವ, ತುಂಬು ಘೇರಿನ ಮಾಯಾ ಉಡುಪು ಕೊಟ್ಟಿದ್ದರೆ ಎಲ್ಲರಿಗೂ ಖುಷಿಯಾಗ್ತಿತ್ತು, ಆದರೆ ಆಂಡಿ ಸಿಂಡರೆಲಾ ಆಗಿಬಿಡ್ತಿದ್ದಳು. ಹಾಗಾಗಿ ಉಡುಪು ನಿಜ ಹೇಳ್ತಿದೆ, ಅದರ ಹಿಂದಿನ ಮಾಂಟಾಜ್ ಸುಳ್ಳು ಹೇಳ್ತಿದೆ. ಅಯೋನಾಳ ಉಡುಪಿಗೆ ಮೊದಲ ಕತ್ತರಿ ಹಾಕುವಾಗ ಆಂಡಿಗೆ ಏನನಿಸಿತು? ಯಾವುದನ್ನ ಉಳಿಸಬೇಕು, ಯಾವುದನ್ನ ಬಿಡಬೇಕು ಅಂತ ಹೇಗೆ ತೀರ್ಮಾನಿಸಿದಳು? ಅಪ್ಪ ತಂದ ಉಡುಪಿನ ಎಷ್ಟು ಭಾಗ ಉಳಿಯಿತು? ಇವನ್ನು ಒಂದೆರಡು ನಿಮಿಷ ತೋರಿಸಿದ್ದರೆ ಆ ಚೀಲದ ಮೇಲೆ ನಮಗೆ ಪ್ರೀತಿ ಹುಟ್ಟುತ್ತಿತ್ತು. ತೋರಿಸಲಿಲ್ಲ, ಹಾಗಾಗಿ ನಾವು ಅದನ್ನ ಮಾಲ್‌ನ ಗಾಜಿನ ಹಿಂದಿನ ಉಡುಪಿನ ಹಾಗೆ ನೋಡಿದೆವು, ಬೈದೆವು. ಈ ಚಿತ್ರದ ಕೊನೆಯನ್ನ ಪರೀಕ್ಷಾ ಪ್ರದರ್ಶನದ ಪ್ರೇಕ್ಷಕರಿಗೆ ಹಿಡಿಸಲಿಲ್ಲ ಅಂತ ಬದಲಿಸಿ ಮತ್ತೆ ಚಿತ್ರೀಕರಿಸಿದ್ರು. ನಾಯಕಿ ಗೆಳೆಯ ಡಕಿಯ ಬದಲು ಶ್ರೀಮಂತ ಹುಡುಗನ ಕೈ ಹಿಡಿದಳು. ಅಷ್ಟು ಖರ್ಚು ಮಾಡುವಾಗ ಹೊಲಿಗೆಗೂ ಎರಡು ಶಾಟ್ ಸೇರಿಸಬಹುದಿತ್ತು ಅನ್ನೋದು ನನ್ನ ಸಣ್ಣ ದೂರು.

‘ಅಲ್ರೀ, ಸಿನಿಮಾದಲ್ಲಿ ಮೂರು ಸಂಜೆ ಫ್ರಿಲ್ ಎಳೆಯೋದನ್ನ ಕೂತು ನೋಡೋಕಾಗುತ್ತಾ?’ ಅಂತ ನೀವು ಕೇಳ್ತೀರ. ಸರಿಯಾದ ಪ್ರಶ್ನೆ. ಆಗಲ್ಲ. ಆದರೆ ಪೂರ್ತಿ ತೋರಿಸೋದೊಂದು, ಸೊನ್ನೆ ತೋರಿಸೋದೊಂದು, ನಡುವೆ ಬೇಕಾದಷ್ಟು ಜಾಗ ಇದೆ. ಪಾಲ್ ಥಾಮಸ್ ಆಂಡರ್‌ಸನ್‌ರ ‘ಫ್ಯಾಂಟಮ್ ಥ್ರೆಡ್’ (2017) ಆ ಜಾಗದಲ್ಲಿ ಕೂತಿದೆ. 1950ರ ದಶಕದ ಲಂಡನ್, ವುಡ್‌ಕಾಕ್ ಎಂಬ ಮಹಾನ್ ವಿನ್ಯಾಸಕ. ಬೆಲ್ಜಿಯಂ ರಾಜಕುಮಾರಿಯ ಮದುವೆ ಉಡುಪು ಸಿದ್ಧವಾಗಿದೆ, ಮರುದಿನ ಕಳಿಸಬೇಕು. ಕಾಯಿಲೆ ಬಿದ್ದ ವುಡ್‌ಕಾಕ್ ತಲೆ ತಿರುಗಿ ಅದರ ಮೇಲೇ ಕುಸಿದು ಬೀಳ್ತಾನೆ, ಲಂಗ ಹರಿಯುತ್ತೆ, ಬೂಟಿನ ಪಾಲಿಶ್ ಮೆತ್ತಿಕೊಳ್ಳುತ್ತೆ. ಸಂಗೀತ ಹಾಕಿ ಓಡಿಸಿಬಿಡಬಹುದಾಗಿದ್ದ ಜಾಗ. ಆಂಡರ್‌ಸನ್ ಓಡಿಸಲ್ಲ. ಮನೆಗೆ ಹೋಗಬೇಕಾಗಿದ್ದ ಹೊಲಿಗೆಯ ಹೆಂಗಸರು ಬಿಳಿ ಕೋಟು ತೊಟ್ಟು ಉಡುಪಿನ ಸುತ್ತ ಕೂತು, ರಾತ್ರಿಯಿಡೀ ರಿಪೇರಿ ಮಾಡ್ತಾರೆ. ಅವರಲ್ಲಿ ಹಿರಿಯರ ಪಾತ್ರ ಮಾಡಿದ ಇಬ್ಬರು ನಿಜವಾಗಿಯೂ ಹೊಲಿಗೆ ಬಲ್ಲವರು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಸ್ವಯಂಸೇವಕಿಯರಾಗಿದ್ದವರು. ಅದು ಬೆರಳಲ್ಲೇ ಗೊತ್ತಾಗುತ್ತೆ. ಸೂಜಿ ಹಿಡಿದ ರೀತಿಯಲ್ಲಿ ನಟನೆ ಇಲ್ಲ.

ಹಾಗಂತ ‘ಫ್ಯಾಂಟಮ್ ಥ್ರೆಡ್’ ಎಲ್ಲ ಸರಿಮಾಡಿಬಿಟ್ಟಿತು ಅಂತ ನಾನು ಹೇಳಲ್ಲ. ಬೆಳಿಗ್ಗೆ ಉಡುಪು ಹೊರಡುವ ಹೊತ್ತಿಗೆ ಅದು ಮತ್ತೆ ವುಡ್‌ಕಾಕ್‌ನದ್ದೇ. ಲೇಬಲ್ ಅವನದ್ದು, ಸಿನಿಮಾವೂ ಅವನದ್ದೇ. ಆ ಹೆಂಗಸರು ಮೆಟ್ಟಿಲು ಹತ್ತಿ ಬಂದು ಇಳಿದು ಹೋಗ್ತಾರೆ. ಇನ್ನೊಂದು ವಿಷಯ, ಅದು ಮನೆಯ ಹೊಲಿಗೆ ಅಲ್ಲ, ಸಂಬಳದ ಹೊಲಿಗೆ. ರಾಜಕುಮಾರಿಯ ಲಂಗಕ್ಕೆ ಸಿಕ್ಕ ಎರಡು ನಿಮಿಷ, ಆಂಡಿಯ ಮಿಷಿನ್ನಿಗೋ ಮ್ಯಾಮಿಯ ಸೂಜಿಗೋ ಇನ್ನೂ ಸಿಕ್ಕಿಲ್ಲ.

ಇದೆಲ್ಲ ಬರೀ ಸಿನಿಮಾದ ತಕರಾರಾಗಿದ್ದರೆ ನಾನು ಇಷ್ಟು ಉದ್ದ ಎಳೀತಿರಲಿಲ್ಲ. ಆ ಕತ್ತರಿ ಈಗ ನಮ್ಮ ಕೈಯೊಳಗೇ ಇದೆ. ಫೋನ್ ತೆಗೆದರೆ ಮೂವತ್ತು ಸೆಕೆಂಡಿನ ವಿಡಿಯೋ. ಹಳೇ ರೇಷ್ಮೆ ಸೀರೆ ಗಾಳಿಯಲ್ಲಿ ಹಾರುತ್ತೆ, ಚಿಟಿಕೆ ಹೊಡೀತಾರೆ, ತುಂಬು ಘೇರಿನ ಗೌನ್ ತೊಟ್ಟು ಹುಡುಗಿ ತಿರುಗ್ತಾಳೆ. ಸ್ಕಾರ್ಲೆಟ್‌ಗಾದರೂ ಎರಡು ದೃಶ್ಯ ಬೇಕಾಗಿತ್ತು, ಇಲ್ಲಿ ಒಂದು ಚಿಟಿಕೆ ಸಾಕು. ಅದನ್ನ ನೋಡಿದವರು ಮರುದಿನ ಅಮ್ಮನ ಸೀರೆ ಹಿಡ್ಕೊಂಡು ಏರಿಯಾದ ಟೈಲರ್ ಹತ್ತಿರ ಹೋಗಿ, ‘ಸಿಂಪಲ್ ಗೌನ್, ಶನಿವಾರ ಬೇಕು’ ಅಂತಾರೆ. ರೇಟು ಕೇಳಿ ಹೌಹಾರ್ತಾರೆ. ‘ಬಟ್ಟೆ ನಮ್ಮದೇ ಅಲ್ವಾ, ಹೊಲಿಯೋದಕ್ಕೇ ಇಷ್ಟಾ?’ ಈ ಮಾತು ನಾನು ಎಷ್ಟು ಟೈಲರ್ ಅಂಗಡಿಗಳಲ್ಲಿ, ಎಷ್ಟು ಒಳ್ಳೆ ಸಂಬಳದವರ ಬಾಯಲ್ಲಿ ಕೇಳಿದ್ದೀನೋ. ಕಾಫಿಗೆ ಮುನ್ನೂರು ಕೊಡುವಾಗ ಬಾಯಿಗೆ ಬರದ ಪ್ರಶ್ನೆ ಅದು.

ಇದೇ ಊರಿನಲ್ಲಿ ಇನ್ನೊಂದು ಕಡೆ ಹೊಲಿಗೆಯ ಲೆಕ್ಕ ನಿಮಿಷಕ್ಕಿಂತ ಸೂಕ್ಷ್ಮವಾಗಿ ನಡೀತದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಈ ಉದ್ಯಮದಲ್ಲಿ ಕಾಲರ್ ಕೂರಿಸೋಕೆ ಇಷ್ಟು, ಫ್ರಿಲ್ ಹಿಡಿಯೋಕೆ ಇಷ್ಟು ಅಂತ ಒಂದೊಂದು ಕೆಲಸಕ್ಕೂ ದಶಾಂಶದವರೆಗೆ ‘ಸ್ಟ್ಯಾಂಡರ್ಡ್ ಮಿನಿಟ್’ ಕಟ್ಟಿರ್ತಾರೆ, ಅದರ ಮೇಲೆ ಗಂಟೆಯ ಟಾರ್ಗೆಟ್. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯೋದಕ್ಕೆ ಹೊಸ ನಿರ್ಬಂಧ ಬಂದಾಗ ಆ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದರು, ಸರ್ಕಾರ ಆದೇಶ ವಾಪಸ್ ಪಡೆಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಟ್ರಾಫಿಕ್ ಜಾಮ್ ಆಗಿ ನೆನಪಿದೆ.

ನಮ್ಮ ಬೀದಿಯ ಟೈಲರ್ ಅಣ್ಣ ಮಾತ್ರ ಈಗ ಒಂದು ಉಪಾಯ ಮಾಡಿಕೊಂಡಿದ್ದಾರೆ. ಗೌನ್ ಅಂತ ಯಾರಾದರೂ ಬಂದರೆ ಮೊದಲು ಫೋನಿನಲ್ಲಿರುವ ಫೋಟೋ ನೋಡ್ತಾರೆ, ಎರಡು ಬೆರಳಲ್ಲಿ ದೊಡ್ಡದು ಮಾಡಿ ಅಂತಸ್ತು ಎಣಿಸ್ತಾರೆ, ಕ್ಯಾಲ್ಕುಲೇಟರ್ ಒತ್ತುತ್ತಾರೆ. ಟೇಪನ್ನ ಕೌಂಟರ್ ಮೇಲೆ ಉದ್ದಕ್ಕೆ ಎಳೆದು, ಅದು ಮುಗಿದ ಮೇಲೆ ಮತ್ತೆ ಮೊದಲಿಂದ ಎಳೆದು, ‘ಇಷ್ಟು ಫ್ರಿಲ್ ಮೇಡಂ, ಇದಕ್ಕೆ ಮೀಟರ್ ಲೆಕ್ಕ’ ಅಂತಾರೆ. ಗಿರಾಕಿ ಟೇಪನ್ನೇ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಕೆಲವರು ಒಂದು ಅಂತಸ್ತು ಕಮ್ಮಿ ಮಾಡಿ ಅಂತಾರೆ. ಕೆಲವರು ಅಡ್ವಾನ್ಸ್ ಕೊಟ್ಟು, ಶನಿವಾರದ ಮಾತು ಎತ್ತದೆ ಹೋಗ್ತಾರೆ.